ಅಳಿವೆಯ ಕೋಟೆ, ಒಳನಾಡಿನ ಸೀಮೆ: ಕಾರವಾರ–ಅಂಕೋಲೆಯ ಮಧ್ಯಯುಗ

ಕಾಳಿ ನದಿಯ ಅಳಿವೆಯಿಂದ ಗಂಗಾವಳಿಯ ಅಳಿವೆಯವರೆಗಿನ ನೆಲಕ್ಕೆ, ಅಂದರೆ ಇಂದಿನ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿಗೆ, ತನ್ನದೇ ಆದ ದೊಡ್ಡ ರಾಜಧಾನಿಯಾಗಲಿ ಹೆಸರಾಂತ ರಾಜವಂಶವಾಗಲಿ ಎಂದೂ ಇರಲಿಲ್ಲ. ಗೋವೆಯ ಕದಂಬರು, ವಿಜಯನಗರದ ಅರಸರು, ಗೇರುಸೊಪ್ಪೆಯ ಜೈನ ಮನೆತನ, ಬಿಜಾಪುರದ ಆದಿಲಶಾಹಿಗಳು, ಸೋಂದಾ ನಾಯಕರು, ಮರಾಠರು, ಪೋರ್ತುಗೀಸರು, ಮೈಸೂರಿನ ಹೈದರ್ ಮತ್ತು ಟಿಪ್ಪು, ಕೊನೆಗೆ ಇಂಗ್ಲಿಷರು ಹೀಗೆ ಒಬ್ಬರಾದ ಮೇಲೊಬ್ಬರು ಈ ನೆಲದ ಒಡೆತನವನ್ನು ಸಾರಿಕೊಂಡರು. ಹಾಗಿದ್ದರೂ ಇಲ್ಲಿನ ಜನ ಯಾರಿಗೂ ಸುಲಭವಾಗಿ ಬಗ್ಗದವರೆಂಬ ಮಾತು ಪ್ರವಾಸಿಗರ ಬರಹಗಳಲ್ಲಿಯೂ ಆಡಳಿತಗಾರರ ವರದಿಗಳಲ್ಲಿಯೂ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಸಿಂಹಾಸನವೇ ಇಲ್ಲದ ನೆಲದಲ್ಲಿ ಸ್ವಾತಂತ್ರ್ಯವೆಂಬುದು ಎಲ್ಲಿ ನೆಲೆಸಿತ್ತು ಎಂಬ ಪ್ರಶ್ನೆಗೆ ಉತ್ತರ ಯುದ್ಧಗಳ ವೃತ್ತಾಂತದಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಕಂದಾಯ, ಗೇಣಿ, ಸುಂಕ ಮತ್ತು ಘಟ್ಟದ ದಾರಿಗಳ ಇತಿಹಾಸದಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ನೆಲದ ಸ್ವರೂಪ

ಪಶ್ಚಿಮ ಕರಾವಳಿಯ ಬೇರೆಡೆಗಳಲ್ಲಿ ಸಹ್ಯಾದ್ರಿಗೂ ಕಡಲಿಗೂ ನಡುವೆ ಅಗಲವಾದ ಬಯಲು ಇದ್ದರೆ, ಕಾರವಾರದಲ್ಲಿ ಬೆಟ್ಟದ ಚಾಚುಗಳು ಕಡಲಿನವರೆಗೂ ಬಂದು ಬೈತಖೋಲ, ಬಿಣಗಾ, ಅರ್ಗಾಗಳಂತಹ ಚಿಕ್ಕ ಚಿಕ್ಕ ಕೊಲ್ಲಿಗಳನ್ನು ಒಂದರಿಂದೊಂದು ಬೇರ್ಪಡಿಸಿವೆ. ಒಂದು ಊರಿನಿಂದ ಮುಂದಿನ ಊರಿಗೆ ಹೋಗಬೇಕಾದರೆ ಗುಡ್ಡ ಹತ್ತಿಳಿಯಬೇಕು, ಇಲ್ಲವೇ ದೋಣಿ ಏರಬೇಕು. ಕಾಳಿ ನದಿ ಕದ್ರಾದವರೆಗೆ ದೋಣಿ ಸಂಚಾರಕ್ಕೆ ಒದಗುತ್ತಿದ್ದುದರಿಂದ ಘಟ್ಟದ ಮೇಲಿನ ಕಾಳುಮೆಣಸು, ಏಲಕ್ಕಿ ಮತ್ತು ಬಯಲುಸೀಮೆಯ ಬಟ್ಟೆ ಅಲ್ಲಿಗೆ ಇಳಿದು ನೀರಿನ ದಾರಿಯಲ್ಲಿ ಅಳಿವೆಗೆ ಸೇರುತ್ತಿದ್ದವು. ಅಳಿವೆಯ ಆಸುಪಾಸಿನಲ್ಲಿ ಭರತ ಇಳಿತಗಳ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳಿದ್ದು, ಇವನ್ನು ಗಜನಿ ಭೂಮಿಯೆಂದು ಕರೆಯುತ್ತಾರೆ. ಇಲ್ಲಿ ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತದ ತಳಿ ಬೆಳೆಯುತ್ತದೆ. ಗಜನಿಯ ಕಟ್ಟೆಯನ್ನು ವರ್ಷವರ್ಷವೂ ಊರವರು ಕೂಡಿ ಮಣ್ಣು ಹಾಕಿ ಭದ್ರಪಡಿಸದಿದ್ದರೆ ಕಡಲು ಗದ್ದೆಯನ್ನು ತಿರುಗಿ ಪಡೆದುಕೊಳ್ಳುತ್ತದೆ.

ಈ ಭೂರಚನೆಯ ರಾಜಕೀಯ ಪರಿಣಾಮ ಸ್ಪಷ್ಟವಾಗಿತ್ತು. ಅಳಿವೆಯನ್ನು ಹಿಡಿದವನಿಗೆ ಸರಕಿನ ಸುಂಕ ಸಿಗುತ್ತಿತ್ತೇ ಹೊರತು ಒಳನಾಡಿನ ಗದ್ದೆಯ ಕಂದಾಯ ತಾನಾಗಿ ಬಂದು ಬೀಳುತ್ತಿರಲಿಲ್ಲ. ಕಂದಾಯಕ್ಕಾಗಿ ಊರಿನ ಮುಖ್ಯಸ್ಥರೊಡನೆ ಮಾತುಕತೆಗೆ ಇಳಿಯಲೇಬೇಕಿತ್ತು. ಒತ್ತಾಯ ಅತಿಯಾದಾಗ ಜನರಿಗೆ ಹಿಂದೆ ಸರಿಯಲು ಕಾಡು ಬೆನ್ನಿಗೇ ಇತ್ತು.

ಗಡಿಯಾದ ಕಾಳಿ

ಕಾಳಿಯ ಉತ್ತರ ದಡದಲ್ಲಿ ಇಂದಿಗೂ ಚಿತ್ತಾಕುಲ ಎಂಬ ಊರಿದೆ. 16ನೇ ಶತಮಾನದ ಪೋರ್ತುಗೀಸ್ ಬರಹಗಳು ಸಿಂತಕೋರ ಎಂದು ಹೆಸರಿಸಿರುವ ಕೋಟೆ ಇದೇ ಪರಿಸರದ್ದು. ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್ 1472ರಲ್ಲಿ ಗೋವೆಯನ್ನು ವಿಜಯನಗರದಿಂದ ಕಿತ್ತುಕೊಂಡ ಮೇಲೆ ಕಾಳಿಯ ಎರಡು ದಡಗಳು ಎರಡು ರಾಜ್ಯಗಳ ಅಂಚುಗಳಾದವು. ಬಹಮನಿ ರಾಜ್ಯ ಒಡೆದು ಗೋವೆ ಬಿಜಾಪುರದ ಪಾಲಾದಾಗಲೂ ಈ ಸ್ಥಿತಿ ಮುಂದುವರಿಯಿತು. ಪೋರ್ತುಗೀಸ್ ಅಧಿಕಾರಿ ದುಆರ್ತೆ ಬಾರ್ಬೋಸಾ 16ನೇ ಶತಮಾನದ ಎರಡನೇ ದಶಕದಲ್ಲಿ ಬರೆದ ವಿವರಣೆಯಲ್ಲಿ ಸಿಂತಕೋರವನ್ನು ಬಿಜಾಪುರದ ದಕ್ಷಿಣ ಗಡಿಯ ಕೋಟೆಯೆಂದೇ ಗುರುತಿಸಿದ್ದಾನೆ.

ಕಡಲಿನ ಕಡೆಯಿಂದ ಬಂದ ಹೊಸ ಶಕ್ತಿ ಮೊದಲು ಕಾಲೂರಿದ್ದು ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ. ವಾಸ್ಕೋ ಡ ಗಾಮ 1498ರಲ್ಲಿ ಮರಳುವ ದಾರಿಯಲ್ಲಿ ಇಲ್ಲಿ ತಂಗಿದ. 1505ರಲ್ಲಿ ಫ್ರಾನ್ಸಿಸ್ಕೊ ದೆ ಅಲ್ಮೇಡ ಇಲ್ಲಿ ಕೋಟೆ ಕಟ್ಟಿಸಿದನಾದರೂ ಅದನ್ನು ಬೇಗನೆ ತೊರೆಯಬೇಕಾಯಿತು. ನಾಡಿನ ದಡದ ಬೆಂಬಲವಿಲ್ಲದೆ ದ್ವೀಪವನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ಒಂದೂವರೆ ಶತಮಾನದ ನಂತರ ಇಂಗ್ಲಿಷರಿಗೂ ಅರಿವಾಯಿತು: ಮುಂಬಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಬಂದ ಸರ್ ಅಬ್ರಹಾಂ ಶಿಪ್‌ಮನ್‌ನ ದಂಡು, ಪೋರ್ತುಗೀಸರು ಅದನ್ನು ಬಿಟ್ಟುಕೊಡಲು ತಡಮಾಡಿದ್ದರಿಂದ, ಅಂಜದೀವದಲ್ಲಿ ಕಾಯುತ್ತಾ ಕುಳಿತು, 1665ರ ಹೊತ್ತಿಗೆ ಶಿಪ್‌ಮನ್‌ನೂ ಅವನ ಸೈನಿಕರಲ್ಲಿ ಹೆಚ್ಚಿನವರೂ ರೋಗದಿಂದ ಸತ್ತಿದ್ದರು.

1510ರಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದಾಗ ಅವನಿಗೆ ದಾರಿ ತೋರಿಸಿದವನು ಹೊನ್ನಾವರದ ನೌಕಾ ನಾಯಕ ತಿಮ್ಮೋಜ. ಅವನನ್ನು ಪರಕೀಯರ ಸಹಾಯಕನೆಂದಷ್ಟೇ ನೋಡಿದರೆ ಆ ಕಾಲದ ತರ್ಕ ತಪ್ಪಿಹೋಗುತ್ತದೆ. ಬಿಜಾಪುರವನ್ನು ಗೋವೆಯಿಂದ ಹೊರಹಾಕಲು ಹೊಸಬರನ್ನು ಬಳಸಿಕೊಳ್ಳಬಹುದೆಂಬುದು ಅವನ ಲೆಕ್ಕಾಚಾರವಾಗಿತ್ತು. ದೊಡ್ಡವರಲ್ಲಿ ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ನಡುವೆ ತನ್ನ ಜಾಗ ಉಳಿಸಿಕೊಳ್ಳುವ ಈ ನೀತಿಯನ್ನು ಮುಂದಿನ ಎರಡೂವರೆ ಶತಮಾನಗಳ ಕಾಲ ಈ ಕರಾವಳಿಯ ಚಿಕ್ಕಪುಟ್ಟ ಒಡೆಯರೆಲ್ಲರೂ ಅನುಸರಿಸಿದರು. ಗೋವೆಯಲ್ಲಿ ಪೋರ್ತುಗೀಸ್ ಆಡಳಿತ ಬಲಗೊಂಡು 1560ರಲ್ಲಿ ಇನ್‌ಕ್ವಿಸಿಶನ್, ಅಂದರೆ ಕ್ರೈಸ್ತ ಧರ್ಮ ವಿಚಾರಣಾ ನ್ಯಾಯಾಲಯ, ಆರಂಭವಾದಾಗ ಅಲ್ಲಿಂದ ಹೊರಟ ಕೊಂಕಣಿ ಕುಟುಂಬಗಳಲ್ಲಿ ಅನೇಕರು ಕಾಳಿಯನ್ನು ದಾಟಿ ಕಾರವಾರ, ಅಂಕೋಲೆಗಳಲ್ಲಿ ನೆಲೆಯೂರಿದರು. ರಾಜ್ಯಗಳ ನಡುವಿನ ಗಡಿಯಾಗಿದ್ದ ನದಿ ಹೀಗೆ ಬಂದವರಿಗೆ ಆಸರೆಯ ಗೆರೆಯೂ ಆಯಿತು.

ಒಡೆಯನಿಲ್ಲದ ದಾರಿ

1565ರ ಜನವರಿಯಲ್ಲಿ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರ ಸೋತ ನಂತರ ಅದರ ಅಧೀನದ ನಾಯಕರು ತಮ್ಮ ತಮ್ಮ ಸೀಮೆಗಳಲ್ಲಿ ಸ್ವತಂತ್ರರಂತೆ ನಡೆದುಕೊಳ್ಳತೊಡಗಿದರು. ವೆನಿಸಿನ ವರ್ತಕ ಚೆಸಾರೆ ಫೆದೆರಿಚಿ 1567ರಲ್ಲಿ ವಿಜಯನಗರದಿಂದ ಅಂಕೋಲೆಯ ಮೂಲಕ ಗೋವೆಗೆ ಹೋದಾಗಿನ ಅನುಭವ ಈ ಸ್ಥಿತಿಯನ್ನು ಹತ್ತಿರದಿಂದ ತೋರಿಸುತ್ತದೆ. ಇಬ್ಬರು ಪೋರ್ತುಗೀಸರೊಡನೆ ಪಲ್ಲಕ್ಕಿಯಲ್ಲಿ ಹೊರಟ ಅವನು ದಾರಿಯುದ್ದಕ್ಕೂ ಕಳ್ಳರಿಂದಲೂ ಸುಂಕದವರಿಂದಲೂ ತೊಂದರೆಗೊಳಗಾದುದನ್ನು ಹೇಳುತ್ತಾನೆ. ಅದಕ್ಕಿಂತ ಗಮನಾರ್ಹವಾದುದೆಂದರೆ, ಒಂದೊಂದು ಊರಿನ ಅಧಿಕಾರಿಯೂ ತನ್ನದೇ ತಾಮ್ರದ ಚಿಲ್ಲರೆ ನಾಣ್ಯ ಹೊರಡಿಸಿದ್ದನೆಂದೂ, ಇಂದು ಕೈಗೆ ಬಂದ ಕಾಸು ನಾಳೆಯ ಊರಿನಲ್ಲಿ ಚಲಾವಣೆಯಾಗುತ್ತಿರಲಿಲ್ಲವೆಂದೂ ಅವನು ದಾಖಲಿಸಿರುವುದು. ಕೊನೆಗೂ ಅವನು ತಲುಪಿದ ಅಂಕೋಲೆ ಗೇರುಸೊಪ್ಪೆಯ ರಾಣಿಗೆ ಸೇರಿದ್ದು, ಆ ರಾಣಿ ವಿಜಯನಗರಕ್ಕೆ ಕಪ್ಪ ಕೊಡುವವಳಾಗಿದ್ದಳು.

ಆ ರಾಣಿ, ಅಂದರೆ ಚೆನ್ನಭೈರಾದೇವಿ, 16ನೇ ಶತಮಾನದ ಉತ್ತರಾರ್ಧದಲ್ಲಿ ಕರಾವಳಿಯ ಮೆಣಸಿನ ವ್ಯಾಪಾರವನ್ನು ತನ್ನ ಹಿಡಿತದಲ್ಲಿಟ್ಟುಕೊಂಡಿದ್ದಳು. ಪೋರ್ತುಗೀಸರು ಅವಳನ್ನು ಮೆಣಸಿನ ರಾಣಿಯೆಂದೇ ಕರೆದರು. 17ನೇ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪ ನಾಯಕ ಗೇರುಸೊಪ್ಪೆಯನ್ನು ಗೆದ್ದ ಮೇಲೆ ಕರಾವಳಿಯ ದಕ್ಷಿಣ ಭಾಗ ಕೆಳದಿಯ ವಶಕ್ಕೆ ಹೋಯಿತು. ಕಾರವಾರ, ಅಂಕೋಲೆಗಳು ಬಿಜಾಪುರದ ಕಡೆಗೆ ಉಳಿದವು. ಅಂಕೋಲೆಯ ಹಾಳುಬಿದ್ದ ಕೋಟೆಯನ್ನು ಸ್ಥಳೀಯ ಪ್ರತೀತಿ ಸರ್ಪಮಲ್ಲಿಕ ಎಂಬ ಅರಸನ ಹೆಸರಿಗೆ ಜೋಡಿಸುತ್ತದೆ.

ಬಿಜಾಪುರ, ಶಿವಾಜಿ ಮತ್ತು ವಸೂಲಿ

ಬಿಜಾಪುರದ ಆಡಳಿತದಲ್ಲಿ ಕಾರವಾರ ಒಂದು ಮುಖ್ಯ ರೇವಾಯಿತು. ಉತ್ತರದಲ್ಲಿ ರಾಜಾಪುರ, ದಕ್ಷಿಣದಲ್ಲಿ ಕಾರವಾರ ಹೀಗೆ ಎರಡು ರೇವುಗಳಿದ್ದ ವಿಶಾಲ ಪ್ರಾಂತ್ಯ 17ನೇ ಶತಮಾನದ ಮಧ್ಯದಲ್ಲಿ ರುಸ್ತುಮ್‌-ಇ-ಜಮಾನ್ ಎಂಬ ಸರದಾರನ ಕೈಯಲ್ಲಿತ್ತು. 1638ರಲ್ಲಿ ಸರ್ ವಿಲಿಯಂ ಕೋರ್ಟೀನ್‌ನ ವ್ಯಾಪಾರ ಸಂಘ ಕಾರವಾರದಲ್ಲಿ ಕೋಠಿ ತೆರೆಯಿತು. ಕೋಠಿಯೆಂದರೆ ವರ್ತಕರ ಗೋದಾಮು, ಕಚೇರಿ ಮತ್ತು ವಸತಿ ಒಂದೇ ಆವರಣದಲ್ಲಿದ್ದ ನೆಲೆ. ಮುಂದೆ ಅದು ಈಸ್ಟ್ ಇಂಡಿಯಾ ಕಂಪನಿಗೆ ಸೇರಿತು. ಘಟ್ಟದ ಮೇಲಿನ ನೇಕಾರರಿಂದ ತರಿಸಿದ ನವಿರಾದ ಬಟ್ಟೆಯೂ ಕಾಳುಮೆಣಸೂ ಇಲ್ಲಿಂದ ಹಡಗೇರುತ್ತಿದ್ದವು.

ಈ ಸಂಪತ್ತೇ ಶಿವಾಜಿಯನ್ನು ಸೆಳೆಯಿತು. 1665ರ ಫೆಬ್ರವರಿಯಲ್ಲಿ ಮಾಲವಣದಿಂದ 85 ಸಣ್ಣ ಯುದ್ಧನೌಕೆಗಳೂ 3 ದೊಡ್ಡ ಹಡಗುಗಳೂ ಇದ್ದ ಪಡೆಯೊಡನೆ ಹೊರಟ ಅವನು ಕೆಳದಿಯ ಅಧೀನದಲ್ಲಿದ್ದ ಬಸರೂರನ್ನು ಸೂರೆಮಾಡಿ, ಶಿವರಾತ್ರಿಯ ಹೊತ್ತಿಗೆ ಗೋಕರ್ಣದಲ್ಲಿ ಸ್ನಾನ ಮುಗಿಸಿ, ಅಂಕೋಲೆಯ ಮಾರ್ಗವಾಗಿ ಕಾರವಾರಕ್ಕೆ ಬಂದನು. ಅದೇ ಸಮಯಕ್ಕೆ ಬಿಜಾಪುರದ ಬಹಲೋಲ್ ಖಾನನ ಕಡೆಯ ಶೇರ್ ಖಾನ್ ಸೈನ್ಯದೊಡನೆ ಊರಿನಲ್ಲಿದ್ದುದರಿಂದ ಮುಖಾಮುಖಿ ಕಾಳಗದ ಬದಲು ಚೌಕಾಸಿ ನಡೆಯಿತು. ಊರಿನ ವರ್ತಕರು ಕಾಣಿಕೆ ಕೂಡಿಸಿ ಕೊಟ್ಟರು, ಇಂಗ್ಲಿಷ್ ಕೋಠಿಯ ಪಾಲಾಗಿ 112 ಪೌಂಡ್ ಸಂದಾಯವಾಯಿತು. 1673ರಲ್ಲಿ ಕಾರವಾರದ ಫೌಜುದಾರ, ಅಂದರೆ ಬಿಜಾಪುರದ ಸೈನಿಕ ಅಧಿಕಾರಿ, ತನ್ನ ದೊರೆಗೇ ತಿರುಗಿಬಿದ್ದನು. 1675ರಲ್ಲಿ ಶಿವಾಜಿ ಫೋಂಡಾ ಕೋಟೆಯನ್ನು ಗೆದ್ದ ಬೆನ್ನಿಗೆ ಕಾರವಾರ, ಕದ್ರಾ, ಶಿವೇಶ್ವರ ಮತ್ತು ಅಂಕೋಲೆಗಳು ಅವನ ವಶವಾದವು. ಕಂಪನಿಯ ವೈದ್ಯ ಜಾನ್ ಫ್ರಾಯರ್ ಅದೇ ವರ್ಷಗಳಲ್ಲಿ ಕಾರವಾರದಲ್ಲಿದ್ದು, ಸುತ್ತಲಿನ ಹೆಚ್ಚಿನ ಭೂಮಿ ಬೇಸಾಯವಿಲ್ಲದೆ ಬಿದ್ದಿರುವುದನ್ನು ಬರೆದಿಟ್ಟನು. ಯುದ್ಧದ ಹಾನಿ ಅದರಲ್ಲಿ ಒಂದು ಪಾಲಾದರೆ, ವಸೂಲಿಯ ಹೊರೆ ತಾಳಲಾರದಾಗ ಗದ್ದೆಯನ್ನು ಬಿಟ್ಟು ಸರಿದುಹೋಗುವ ರೈತರ ಹಳೆಯ ಕ್ರಮ ಇನ್ನೊಂದು ಪಾಲು. ಆಯುಧ ಹಿಡಿಯದೆ ಆಳುವವನ ಬೊಕ್ಕಸವನ್ನು ಬರಿದುಮಾಡುವ ಈ ದಾರಿ ಕೋಟೆಯ ಗೋಡೆಗಿಂತ ಹೆಚ್ಚು ಪರಿಣಾಮಕಾರಿಯಾಗಿತ್ತು, ಏಕೆಂದರೆ ಉತ್ತವರಿಲ್ಲದ ನೆಲವನ್ನು ಗೆದ್ದವನಿಗೆ ಅದರಿಂದ ಬರುವುದೇನೂ ಇರಲಿಲ್ಲ. ಗಜನಿಯ ಗದ್ದೆಯಂತೂ ಕೆಲವೇ ಮಳೆಗಾಲ ಕಟ್ಟೆ ಕಾಣದಿದ್ದರೆ ಉಪ್ಪಿನ ಬೀಡಾಗಿಬಿಡುತ್ತಿತ್ತು.

ಸೋಂದಾ ಅರಸರು ಮತ್ತು ಸದಾಶಿವಗಡ

ಶಿರಸಿಯ ಬಳಿಯ ಸೋಂದೆಯನ್ನು ರಾಜಧಾನಿಯಾಗಿಸಿಕೊಂಡ ನಾಯಕ ಮನೆತನದ ಅರಸಪ್ಪ ನಾಯಕ 16ನೇ ಶತಮಾನದ ಉತ್ತರಾರ್ಧದಲ್ಲಿ ಆಳಿದವನು; ವಾದಿರಾಜ ತೀರ್ಥರಿಗೆ ಆಶ್ರಯ ಕೊಟ್ಟವನೆಂದು ಪ್ರಸಿದ್ಧನಾದವನು. ಮೊದಲು ವಿಜಯನಗರಕ್ಕೂ ಆಮೇಲೆ ಬಿಜಾಪುರಕ್ಕೂ ಬಾಗಿ ನಡೆದ ಈ ಮನೆತನ, 1686ರಲ್ಲಿ ಔರಂಗಜೇಬ ಬಿಜಾಪುರವನ್ನು ಮುಗಿಸಿದ ಮೇಲೆ ಕರಾವಳಿಯಲ್ಲಿ ತನ್ನ ಅಧಿಕಾರವನ್ನು ಗಟ್ಟಿಗೊಳಿಸಿಕೊಂಡಿತು. ಸದಾಶಿವ ನಾಯಕನ ಮಗ ಬಸವಲಿಂಗ 1715ರ ಸುಮಾರಿಗೆ ಕಾಳಿಯ ಉತ್ತರ ದಡದ ಗುಡ್ಡದ ಮೇಲೆ ಕೋಟೆ ಕಟ್ಟಿಸಿ ತಂದೆಯ ಹೆಸರಿಟ್ಟನು. ಅದರ ಬುಡದಲ್ಲಿ ಸೂಫಿ ಸಂತನೊಬ್ಬನ ದರ್ಗಾ ಇದ್ದುದರಿಂದ ಪೋರ್ತುಗೀಸರು ಸದಾಶಿವಗಡವನ್ನು ಪೀರೋ ಎಂದು ಕರೆಯುತ್ತಿದ್ದರು.

ಸೋಂದಾ ಅರಸರು ತಮ್ಮ ಹಕ್ಕನ್ನು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದಕ್ಕೆ 1717–18ರ ಪ್ರಕರಣ ಒಳ್ಳೆಯ ನಿದರ್ಶನ. ಕಾರವಾರದ ಬಳಿ ಹಡಗೊಂದು ಒಡೆದು ದಡಕ್ಕೆ ಬಿತ್ತು. ದಡ ಸೇರಿದ ಒಡಕು ಹಡಗಿನ ಸರಕು ಆ ನೆಲದ ಒಡೆಯನಿಗೆ ಸೇರತಕ್ಕದ್ದೆಂಬುದು ಪಶ್ಚಿಮ ಕರಾವಳಿಯ ಹಳೆಯ ವಾಡಿಕೆ. ಇಂಗ್ಲಿಷ್ ಕೋಠಿಯವರು ಅದಕ್ಕೆ ಅಡ್ಡಬಂದಾಗ ಅರಸನ ದಂಡು ಕೋಠಿಯನ್ನು ಮುತ್ತಿತು. ಮುತ್ತಿಗೆಯನ್ನು ಬಿಡಿಸಲು ಮುಂಬಯಿಯಿಂದ ಅಲೆಕ್ಸಾಂಡರ್ ಹ್ಯಾಮಿಲ್ಟನ್‌ನ ನೇತೃತ್ವದಲ್ಲಿ ಹಡಗುಗಳು ಬರಬೇಕಾಯಿತು. ಕಾದಾಟ ರಾಜಿಯಲ್ಲಿ ಮುಗಿಯಿತಾದರೂ 1720ರಲ್ಲಿ ಕಂಪನಿ ಕಾರವಾರದ ಕೋಠಿಯನ್ನು ಮುಚ್ಚಿತು. ಅದನ್ನು 1750ರಲ್ಲಿ ಮತ್ತೆ ತೆರೆದರೂ, 1752ರಲ್ಲಿ ಪೋರ್ತುಗೀಸರು ಸದಾಶಿವಗಡವನ್ನು ಹಿಡಿದು ವ್ಯಾಪಾರದ ಏಕಸ್ವಾಮ್ಯ ಸಾಧಿಸಿದ್ದರಿಂದ ಕಂಪನಿಯ ಪ್ರತಿನಿಧಿ ಹಿಂದೆ ಸರಿದನು.

1763ರಲ್ಲಿ ಹೈದರಲಿ ಕೆಳದಿಯ ಬಿದನೂರನ್ನು ಗೆದ್ದ ನಂತರ ಅವನ ಸೇನಾನಿ ಫಜಲುಲ್ಲಾ ಖಾನ್ ಸೋಂದೆಯನ್ನೂ ಸದಾಶಿವಗಡವನ್ನೂ ವಶಪಡಿಸಿಕೊಂಡನು. ಕೊನೆಯ ಅರಸ ಇಮ್ಮಡಿ ಸದಾಶಿವ ಗೋವೆಗೆ ಓಡಿಹೋಗಿ ಪೋರ್ತುಗೀಸರ ಆಶ್ರಯ ಪಡೆದನು. ಘಟ್ಟದ ಕೆಳಗಿನ ಅವನ ಸೀಮೆಗಳಲ್ಲಿ ಫೋಂಡಾ, ಕಾಣಕೋಣ ಮುಂತಾದವು ಪೋರ್ತುಗೀಸರ ಕೈಸೇರಿ ಗೋವೆಯ ಭಾಗವಾದವು. ಮಾಜಾಳಿಯ ಆಚೆ ಪೋಳೆಯಲ್ಲಿ ಇಂದು ಕರ್ನಾಟಕ ಮುಗಿದು ಗೋವೆ ಆರಂಭವಾಗುವುದಕ್ಕೆ ಒಂದೇ ಅರಸನ ಸೀಮೆಯನ್ನು ಮೈಸೂರೂ ಪೋರ್ತುಗಲ್ಲೂ ಹಂಚಿಕೊಂಡ ಆ ಘಟನೆಯೇ ಮೂಲಕಾರಣ.

ಗೆದ್ದ ನಾಡನ್ನು ಕೋಟೆಗಳಿಂದ ಕಟ್ಟಿಹಾಕುವ ಕ್ರಮ ಈ ಕರಾವಳಿಗೆ ಮಾತ್ರ ಸೇರಿದ್ದಲ್ಲ. ಬ್ರಿಟನ್ನಿನ ಪಶ್ಚಿಮದ ಕೆಲ್ಟಿಕ್ ನಾಡಾದ ವೇಲ್ಸಿನಲ್ಲಿ 1282ರಲ್ಲಿ ಅರಸ ಲ್ಯುವೆಲಿನ್ ಕಾಳಗದಲ್ಲಿ ಮಡಿದ ಮೇಲೆ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ಕಾನ್ವಿ, ಕಾರ್ನಾರ್ವನ್ ಮುಂತಾದ ಅಳಿವೆಗಳಲ್ಲಿ ಕಲ್ಲಿನ ಕೋಟೆಗಳನ್ನೆಬ್ಬಿಸಿ, ಅವುಗಳ ಮಗ್ಗುಲಲ್ಲಿ ಇಂಗ್ಲಿಷ್ ನಿವಾಸಿಗಳ ಪೇಟೆ ನೆಲೆಗೊಳಿಸಿ, 1284ರಲ್ಲಿ ಹೊಸ ಆಡಳಿತ ಕಾಯಿದೆಯನ್ನು ಹೊರಡಿಸಿದನು. ಅಲ್ಲಿ ವಿಜೇತ ಒಬ್ಬನೇ ಆಗಿದ್ದು, ಅವನ ವಂಶ ಉಳಿದುದರಿಂದ ವಿಜಯ ಶಾಶ್ವತವಾಯಿತು. ಕಾಳಿಯ ದಡದಲ್ಲಿ ವಿಜೇತರು ತಲೆಮಾರಿಗೊಮ್ಮೆ ಬದಲಾದರು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೇನೆ ಈ ಕರಾವಳಿಯಲ್ಲಿ ಗೆದ್ದ ನೆಲವೆಲ್ಲ 1784ರ ಮಂಗಳೂರು ಒಪ್ಪಂದದಿಂದ ಟಿಪ್ಪುವಿಗೆ ಮರಳಿತು. ಹೀಗೆ ಯಾರ ಕಾನೂನೂ ಊರೊಳಗಿನ ವ್ಯವಸ್ಥೆಯನ್ನು ತೊಡೆದುಹಾಕುವಷ್ಟು ಕಾಲ ನಿಲ್ಲಲಿಲ್ಲ.

ಸೀಮೆ, ಕೊಪ್ಪ ಮತ್ತು ನಾಯಕ

ಊರೊಳಗಿನ ಆ ವ್ಯವಸ್ಥೆ ಸಮುದಾಯಗಳ ಕಟ್ಟುಪಾಡುಗಳಲ್ಲಿ ಉಳಿದುಬಂದಿತ್ತು. ಹಾಲಕ್ಕಿ ಒಕ್ಕಲಿಗರ ಹಟ್ಟಿಗೆ ಕೊಪ್ಪವೆಂದು ಹೆಸರು. ಕೊಪ್ಪದ ವ್ಯವಹಾರ ನೋಡುವವನು ಗೌಡ, ಅವನಿಗೆ ಸಲಹೆಗಾರನಾಗಿ ಬುಧವಂತ, ಕರೆ ಮುಟ್ಟಿಸಲು ಕೋಲಕಾರ. ಅನೇಕ ಕೊಪ್ಪಗಳು ಸೇರಿ ಒಂದು ಸೀಮೆ. ಅಂಕೋಲೆ, ಕಡವಾಡ, ಗೋಕರ್ಣ, ಚಂದಾವರ ಇಂತಹ ಸೀಮೆಗಳು. ಮದುವೆ, ಜಗಳ, ಬಹಿಷ್ಕಾರಗಳ ತೀರ್ಪು ಬಿಜಾಪುರಕ್ಕಾಗಲಿ ಶ್ರೀರಂಗಪಟ್ಟಣಕ್ಕಾಗಲಿ ಹೋಗುತ್ತಿರಲಿಲ್ಲ. ಅಂಕೋಲೆಯ ನಾಡವರಲ್ಲಿಯೂ, ಕಾರವಾರದ ಕೋಮಾರಪಂತರಲ್ಲಿಯೂ ಭೂಮಿಯ ಒಕ್ಕಲುತನ ಮತ್ತು ಆಯುಧದ ಪರಿಚಯ ಜೊತೆಜೊತೆಗೇ ಇದ್ದವು. ಕೋಮಾರಪಂತರು ಸೋಂದಾ ಅರಸರ ದಂಡಿನಲ್ಲಿ ಸೈನಿಕರಾಗಿದ್ದವರು. ಹೆಂಜಾ ನಾಯ್ಕನೆಂಬ ವೀರನ ಹೆಸರು ಅವರ ಬಾಯಿಮಾತಿನ ಇತಿಹಾಸದಲ್ಲಿ ಇಂದಿಗೂ ಜೀವಂತವಾಗಿದೆ.

ಸೋಂದಾ ರಾಜ್ಯ ಅಳಿದಾಗ ಈ ಸೈನಿಕರಿಗೆ ಒಡೆಯನಿಲ್ಲವಾದನು, ಆದರೆ ಆಯುಧ ಕೈಯಲ್ಲಿ ಉಳಿಯಿತು. 1801ರಲ್ಲಿ ಅಂಕೋಲೆಯ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್ ಕೋಮಾರಪಂತರನ್ನು ಹುಟ್ಟಿನಿಂದ ಬೇಸಾಯಗಾರರು ಮತ್ತು ಯೋಧರು ಎಂದು ಗುರುತಿಸಿ, ಅವರಿಗೆ ವಂಶಪಾರಂಪರ್ಯವಾಗಿ ಬಂದ ನಾಯಕರಿದ್ದು ಸಭೆಯ ಸಲಹೆಯಿಂದ ವ್ಯವಹಾರ ತೀರ್ಮಾನಿಸುತ್ತಾರೆಂದು ತಿಳಿಸುತ್ತಾನೆ. ಅದೇ ಉಸಿರಿನಲ್ಲಿ ಅವರನ್ನು ದರೋಡೆಗೆ ಒಲಿದವರೆಂದು ಜರೆಯುತ್ತಾನೆ. ಆಳುವವರ ದಾಖಲೆಗಳಲ್ಲಿ ಬರುವ ಇಂತಹ ಮಾತುಗಳನ್ನು ಓದುವಾಗ, ಸಂಬಳ ಕೊಡುವ ಅರಸ ಹೋದಮೇಲೆ ಅದೇ ದಾರಿಕಾವಲು, ಅದೇ ಸುಂಕದ ವಸೂಲಿ ಅಪರಾಧವೆನಿಸಿಕೊಂಡಿತೆಂಬುದನ್ನು ಗಮನದಲ್ಲಿಡಬೇಕು.

ಕಡತ ಹಿಡಿದ ಹೋರಾಟ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದು, ಈ ಕರಾವಳಿಯನ್ನೊಳಗೊಂಡ ಕೆನರಾ ಸೀಮೆ ಕಂಪನಿಗೆ ಸೇರಿದಾಗ ಅದರ ಮೊದಲ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೊ ಎದುರಿಸಿದ್ದು ಇನ್ನೊಂದು ಬಗೆಯ ಪ್ರತಿರೋಧ. ಜಮಾಬಂದಿಗೆ, ಅಂದರೆ ವಾರ್ಷಿಕ ಕಂದಾಯ ನಿಗದಿಗೆ, ರೈತರು ಸುಲಭವಾಗಿ ಕಚೇರಿಗೆ ಬರಲಿಲ್ಲ. ಬಂದವರು ಹಳೆಯ ಕಡತಗಳನ್ನು ಮುಂದಿಟ್ಟು ತಮ್ಮ ಭೂಮಿಗೆ ಪೂರ್ವಕಾಲದಿಂದ ಸಂದ ದರವೆಷ್ಟೆಂಬುದನ್ನು ವಾದಿಸಿದರು. ಕಡತವೆಂದರೆ ಕಪ್ಪು ಲೇಪ ಬಳಿದ ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದ ಲೆಕ್ಕದ ಪುಸ್ತಕ. ಇಲ್ಲಿ ಭೂಮಿ ಖಾಸಗಿ ಆಸ್ತಿಯೆಂಬುದನ್ನೂ, ವಿಜಯನಗರದ ಕಾಲದಿಂದ ಕೆಳದಿಯ ಶಿಸ್ತು ಮತ್ತು ಮೈಸೂರಿನ ಶಾಮಿಲುಗಳವರೆಗೆ, ಅಂದರೆ ಮೂಲ ಕಂದಾಯ ಮತ್ತು ಅದರ ಮೇಲೆ ಹೇರಿದ ಹೆಚ್ಚಳದವರೆಗೆ, ದರ ಏರಿದ ಬಗೆಯನ್ನೂ ಮನ್ರೊ 1800ರ ಮೇ ತಿಂಗಳ ವರದಿಯಲ್ಲಿ ವಿವರಿಸಿದನು. 1830–31ರಲ್ಲಿ ಕೆನರಾದ ರೈತರು ಕೂಟಗಳಾಗಿ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಉತ್ತರ ಕೆನರಾ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿ ಕಾರವಾರ ಜಿಲ್ಲಾ ಕೇಂದ್ರವಾದ ಮೇಲೆ ಹೊಸ ಮೋಜಣಿ, ಅಂದರೆ ಭೂಮಾಪನ, ನಡೆದು ಕಂದಾಯ ಏರಿದಾಗ ಭೂಮಾಲೀಕರು ಸರಕಾರವನ್ನೇ ನ್ಯಾಯಾಲಯಕ್ಕೆ ಎಳೆದರು. 1875ರಲ್ಲಿ ಮುಂಬಯಿ ಹೈಕೋರ್ಟು ತೀರ್ಮಾನಿಸಿದ ವೈಕುಂಠ ಬಾಪೂಜಿ ಪ್ರಕರಣದಲ್ಲಿ ಭೂಮಾಲೀಕರು ಸೋತರೂ, ಈ ನೆಲದ ಒಡೆತನದ ಪೂರ್ವೇತಿಹಾಸವೆಲ್ಲ ನ್ಯಾಯಪೀಠದ ಮುಂದೆ ಚರ್ಚೆಗೆ ಬಂದಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೂ 1932ರಿಂದ ಕರನಿರಾಕರಣೆಗೂ ಅಂಕೋಲೆ ಮುಂಚೂಣಿಯಲ್ಲಿ ನಿಂತು ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಪಡೆದುದರ ಹಿಂದೆ ಗಾಂಧೀಜಿಯವರ ಪ್ರೇರಣೆಯೊಡನೆ, ಕಂದಾಯವನ್ನು ಮಾತುಕತೆಯ ವಿಷಯವೆಂದು ಬಗೆಯುತ್ತ ಬಂದ ಈ ದೀರ್ಘ ಅಭ್ಯಾಸವೂ ಇತ್ತು.

ಈ ಸ್ವಾತಂತ್ರ್ಯ ಎಲ್ಲರ ಪಾಲಿಗೂ ಒಂದೇ ಆಗಿರಲಿಲ್ಲವೆಂಬುದನ್ನು ಮರೆತರೆ ಇತಿಹಾಸ ಅರ್ಧವಾಗುತ್ತದೆ. ಅರಸರೊಡನೆ ಚೌಕಾಸಿ ಮಾಡಬಲ್ಲವರು ವರ್ಗದಾರರು, ಅಂದರೆ ಕಂದಾಯದ ಲೆಕ್ಕದಲ್ಲಿ ಹೆಸರಿದ್ದ ಹಿಡುವಳಿದಾರರು. ಅವರ ಕೆಳಗೆ ಶಾಶ್ವತ ಹಕ್ಕಿನ ಮೂಲಗೇಣಿದಾರರೂ, ಒಡೆಯ ಬೇಕೆಂದಾಗ ಎಬ್ಬಿಸಬಹುದಾದ ಚಾಲಗೇಣಿದಾರರೂ ಇದ್ದರು; ಹಾಲಕ್ಕಿಗಳಲ್ಲಿ ಬಹುಮಂದಿ ಕೊನೆಯ ವರ್ಗದವರು. ಅಂಕೋಲೆಯ ದಿನಕರ ದೇಸಾಯಿ 1930ರ ದಶಕದ ಕೊನೆಯಲ್ಲಿ ಗೇಣಿದಾರರನ್ನು ಸಂಘಟಿಸಿದಾಗ ಎದುರು ನಿಂತವರಲ್ಲಿ ಊರಿನ ಒಡೆಯರೇ ಸೇರಿದ್ದರು, ಮತ್ತು 1940ರಲ್ಲಿ ಸರಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಹೊರಗಿನ ಒಡೆಯರನ್ನು ಅಳಿವೆಯಲ್ಲೇ ತಡೆದು ನಿಲ್ಲಿಸಿದ ವ್ಯವಸ್ಥೆ ಒಳಗಿನ ಒಡೆತನವನ್ನು ಕಾಪಾಡಿಕೊಂಡೇ ಬಂದಿತ್ತು; ಭೂಸುಧಾರಣೆಯ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಉಳುವವನಿಗೆ ಹಕ್ಕಿನ ದ್ವಾರವನ್ನು ತೆರೆದಾಗಲೇ ಚಾಲಗೇಣಿಯ ಒಕ್ಕಲು ಮೊದಲ ಬಾರಿಗೆ ತನ್ನ ಹೆಸರಿನಲ್ಲಿ ಸರಕಾರದೊಡನೆ ನೇರವಾಗಿ ವ್ಯವಹರಿಸುವಂತಾಯಿತು.